ಹಿಂದೆ ಕೂರುವವರ ತೂಕ

ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿರುವಾಗಲೇ ಅದರ ಜೇಬಿನಲ್ಲಿ ಚೀಟಿ ಸಿಕ್ಕಿತು. ‘ಎಲೆಕ್ಟ್ರಿಕ್ ಬೈಕ್. ಹೋಗಲು ಮೂವತ್ತೆಂಟು ಕಿ.ಮೀ. ಇಬ್ಬರ ಭಾರ. ವಾಪಸ್ಸು, ನೋಡೋಣ.’

ಅಷ್ಟರಲ್ಲಿ ಕಾಲರು ಕಮರಿತು.

ಅವಳು ದರ್ಜಿ. ಬೀದಿಯವರ ಎದೆ, ಸೊಂಟ, ತೋಳಿನ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ತನ್ನ ಬಟ್ಟೆಯನ್ನು ಮಾತ್ರ ಅಳೆಯುವ ಗೋಜಿಗೆ ಹೋಗದೆ, ಆಗಾಗ ಹೊಲಿಗೆ ಬಿಚ್ಚಿ ಬೆರಳಷ್ಟು ಅಗಲ ಬಿಡುತ್ತಿದ್ದಳು. ತನ್ನ ಟೇಪು ಎಂದೂ ತಪ್ಪುವುದಿಲ್ಲವೆಂಬ ಹಮ್ಮು ಬೇರೆ. ಆ ಹಮ್ಮಿನಲ್ಲೇ ಹನ್ನೊಂದು ವರ್ಷದ ಹಿಂದೆ, ತಾನು ಹೊಲಿದ ರವಿಕೆ ಬಿಗಿಯಾಯಿತೆಂದ ಅಕ್ಕನಿಗೆ ನಾಲ್ಕು ಜನರೆದುರು, “ಅಳತೆ ಸರಿ ಇದೆ, ನೀನೇ ಊದಿದ್ದೀಯ” ಎಂದುಬಿಟ್ಟಿದ್ದಳು. ಎರಡು ಬಸ್ಸು ಬದಲಿಸಿ ಹೋಗಬೇಕಾದ ದೂರದಲ್ಲಿದ್ದ ಅಕ್ಕ ಅಂದಿನಿಂದ ಮಾತು ಬಿಟ್ಟಳು. ಇವಳು ಕ್ಷಮೆ ಕೇಳಿ ಬರೆದ ಕಾಗದ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲೇ ಹಳದಿಯಾಯಿತು.

ಈಗ ಗಂಡನೂ ಕೈಬಿಡುತ್ತಿದ್ದಾನೆಯೇ?

ಸೀದಾ ಬೈಕಿನ ಅಂಗಡಿಗೆ ನಡೆದು, ಬಾಗಿಲಲ್ಲಿದ್ದ ಕಬ್ಬಿಣದ ಹಲಗೆಯ ಮೇಲೆ ನಿಂತೇ ಗಂಡ ಕೇಳಿಹೋದ ಬೈಕಿನ ಬಗ್ಗೆ ವಿಚಾರಿಸಿದಳು. ಅಂಗಡಿಯವನು ಪುಸ್ತಕ ತೆರೆದ.

“ಯಜಮಾನ್ರು ಐವತ್ತೆರಡು ಕೆಜಿ. ಹಿಂದೆ ಕೂರೋರು ಎಂಬತ್ತೊಂದು.”

ಎಂಬತ್ತೊಂದು. ಹೊಟ್ಟೆಯುರಿಯ ನಡುವೆಯೂ ಅವಳಿಗೆ ನಗು ಬಂತು. ಓಡಿಹೋಗುವವನು ಸ್ವಲ್ಪ ಹಗುರಾದವಳನ್ನು ಹುಡುಕಬಾರದಿತ್ತೇ? ಆ ಮೂಟೆಗೆ ಎಷ್ಟು ಬಟ್ಟೆ ಬೇಕಾದೀತೆಂದು ಮನಸ್ಸು ಆಗಲೇ ಕತ್ತರಿಸತೊಡಗಿತ್ತು.

ಬ್ಯಾಟರಿ ಎಷ್ಟು ದೊಡ್ಡದು ಎಂದು ಕೇಳಿದಳು.

“ಅದೇ ತೀರ್ಮಾನ ಆಗಿಲ್ಲಮ್ಮ. ಅಲ್ಲಿ ಬಾಗಿಲು ತೆಗೆದ್ರೆ ಚಾರ್ಜ್ ಹಾಕ್ಕೊಂಡು ನಿಧಾನ ಬರಬಹುದು, ಚಿಕ್ಕದು ಸಾಕು. ತೆಗೀದಿದ್ರೆ ಹಾಗೇ ವಾಪಸ್ ತಿರುಗಬೇಕು, ದೊಡ್ಡದೇ ಆಗ್ಬೇಕು ಅಂತಾರೆ.”

“ದೊಡ್ಡದೇ ಹಾಕಿ. ಅಂಥೋರಿಗೆ ಯಾರು ಬಾಗಿಲು ತೆಗೀತಾರೆ?”

“ಸರಿ. ಸ್ವಲ್ಪ ಕೆಳಗಿಳೀರಿ ಅಮ್ಮ, ಅದು ಬ್ಯಾಟರಿ ತೂಗೋ ತಕ್ಕಡಿ.”

ಇಳಿಯುವ ಮೊದಲು ಅವಳು ಮುಳ್ಳನ್ನು ನೋಡಿದಳು. ಎಂಬತ್ತೊಂದು.

ಇಳಿಯದೆ ಬೆರಳು ಮಡಿಸಿ ಲೆಕ್ಕ ಹಾಕಿದಳು: ಎರಡು ಬಸ್ಸಿನ ದಾರಿ ಕೂಡಿದರೆ ಅಕ್ಕನ ಮನೆಗೂ ಮೂವತ್ತೆಂಟೇ ಕಿ.ಮೀ.

ಅದೇ ಸಂಜೆ ಡ್ರಾಯರಿನ ಹಳದಿ ಕಾಗದ ಅಂಚೆ ಡಬ್ಬಿಗೆ ಬಿತ್ತು. ಕೊನೆಯಲ್ಲಿ ಹೊಸ ಶಾಯಿಯ ಒಂದು ಸಾಲಿತ್ತು: ‘ಅಕ್ಕಾ, ಊದಿದ್ದು ನಾನು, ಬಾಗಿಲು ತೆಗೀತೀಯಾದ್ರೆ ಬೇಗ ತಿಳಿಸು, ಚಿಕ್ಕ ಬ್ಯಾಟರಿ ಹಾಕಿಸ್ತೀವಿ.’