ಶಾಸನದಲ್ಲಿಲ್ಲದ ಮಂದಿ

ಐಹೊಳೆಯ ಹಳೆಯ ಗುಡಿಗೆ ಆತುಕೊಂಡಿದ್ದ ತನ್ನ ಮನೆಯ ಗೋಡೆಗೆ ಯಮನವ್ವ ಸಗಣಿ ಮೆತ್ತುತ್ತಿದ್ದಳು. ಗುಡಿಯ ಸುತ್ತಲಿನ ಮನೆಗಳ ತೆರವಿಗೆಂದು ಮುಂಜಾನೆ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದುಹೋದ ನಂಬರನ್ನು ಹೇಗಾದರೂ ಮುಚ್ಚಬೇಕಿತ್ತು. "ನಮ್ಮ ಮನಿ ಸ್ವಾಧೀನ ಅಂತ ಬರದಾರಲ್ಲ, ಹಂಗಂದ್ರ ಏನಪಾ?" ಎಂದು ನೋಟಿಸು ಹಿಡಿದು ನಿಂತಿದ್ದ ಮಗನನ್ನು ಕೇಳಿದಳು.

ಮಗ ಶಿವಸಂಗಪ್ಪ ಇಪ್ಪತ್ತು ವರ್ಷದಿಂದ ಪ್ರವಾಸಿಗರಿಗೆ ಗುಡ್ಡದ ಮೇಲಿನ ಶಾಸನ ವಿವರಿಸುವ ಗೈಡು. ಅದರಲ್ಲಿ ಹೊಗಳಿದ ರಾಜ ಯಾವ ಯಾವ ನಾಡು ಗೆದ್ದನೆಂಬುದೆಲ್ಲ ಬಾಯಿಪಾಠ. ರೂಢಿಯಂತೆ ನಾಲಿಗೆಗೆ ಅದೇ ಬಂತು: "ತಮ್ಮ ವಶಕ್ಕ ತಗೊಳ್ಳೂದು ಯವ್ವಾ. ನಮ್ಮ ರಾಜಾ ಒಂದೊಂದ ನಾಡು ತಗೊಂಡಾನ ನೋಡು, ಹಂಗ."

ಯಮನವ್ವನ ಕೈ ಗೋಡೆಯ ಮೇಲೆಯೇ ನಿಂತಿತು. "ತಗೊಂಡ ಮ್ಯಾಲೆ ಅಲ್ಲಿದ್ದ ಮಂದಿ ಎಲ್ಲಿಗೆ ಹೋದ್ರಂತ?"

ಶಿವಸಂಗಪ್ಪ ಶಾಸನವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಹೇಳಿಕೊಂಡ. ಆನೆಗಳಿದ್ದವು, ಸೇನೆಯಿತ್ತು, ಸೋತ ರಾಜರ ಹೆಸರುಗಳೂ ಇದ್ದವು. ಅವ್ವ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಬೆರಳ ಸಂದಿಯಲ್ಲಿ, ಹಸಿ ಸಗಣಿಯಡಿಯಿಂದ, ನಂಬರು ಕೆಂಪಗೆ ಇಣುಕುತ್ತಿತ್ತು.

ಅವನು ನೋಟಿಸನ್ನು ಕಿಸೆಗೆ ತುರುಕಿ, ಬುಟ್ಟಿಗೆ ಕೈಹಾಕಿ ಒಂದು ಹಿಡಿ ಸಗಣಿ ತೆಗೆದುಕೊಂಡ.