ಗೋಡೆ ಕಟ್ಟಿಸಿದವರ ಮತ

ನಮ್ಮ ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ಸತ್ತವರಿಗೂ ಮತವಿದೆ. ಸಂಪ್ರದಾಯ ಕಟ್ಟಿದವರನ್ನು ಕೇಳದೆ ಅದನ್ನು ಮುರಿಯಬಾರದೆಂದು ವರ್ಷಕ್ಕೊಮ್ಮೆ ಅವರಿಗೆ ಫೋನ್ ಹಚ್ಚುತ್ತೇವೆ.

ಈ ಸಲದ ಅರ್ಜಿ ನನ್ನದು. ನಮ್ಮ ಯಜಮಾನರು ಈರಪ್ಪ, ತಾಯಿಗೆ ಮಾತು ಕೊಟ್ಟಿದ್ದರಿಂದ, ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಲಿಲ್ಲ. ಆದರೂ ಮೂವತ್ತು ವರ್ಷ ಆರಾಧನೆಗೆ ಹಾರ್ಮೋನಿಯಂ ನುಡಿಸಿದರು. ಅವರು ಒಂದೇ ಸ್ವರವನ್ನು ಮೂರು ಸಲ ಒತ್ತಿದರೆ ಇಡೀ ಸಭೆ ಹಾಡಲು ಎದ್ದು ನಿಲ್ಲುತ್ತಿತ್ತು. ಹೋದ ತಿಂಗಳು ತೀರಿಕೊಂಡಾಗ ಮಾತ್ರ, ದೀಕ್ಷೆ ಆಗದವರೆಂದು, ಅವರನ್ನು ಸ್ಮಶಾನದ ಗೋಡೆಯ ಹೊರಗೆ ಮಣ್ಣು ಮಾಡಿದರು. ಆ ಗೋಡೆಯನ್ನು ಹತ್ತು ಅಡಿ ಸರಿಸಿ ಎಂದು ಕೇಳಿದ್ದೆ.

ಬದುಕಿದ್ದವರ ಮತ ಸರಿಸಮವಾಯಿತು. ಪಾದ್ರಿಯವರು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಎತ್ತಿದವರು ಹಿರಿಯ ದಾವೀದಪ್ಪನವರು. ಆ ಗೋಡೆ ಕಟ್ಟಿಸಿದವರೇ ಅವರು! ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಹಿರಿಯರ, ಈರಪ್ಪನ ಸಲುವಾಗಿ ಗ್ವಾಡಿ ಸರಸೂಣೋ ಬ್ಯಾಡೋ?" ಪಾದ್ರಿಯವರು ಕೂಗಿದರು.

"ಯಾವ ಗ್ವಾಡಿರೀ?"

"ಸ್ಮಶಾನದ್ದು! ನೀವ ಕಟ್ಟಿಸಿದ್ದು!"

"ಅದು ಇಲ್ಲಿಂದ ಕಾಣಂಗಿಲ್ಲ ಬಿಡ್ರಿ. ಲಗೂ ಮುಗಸ್ರಿ, ನಮ್ಮ ಹಾಡಿನ ಹೊತ್ತಾತು."

ಅವರ ದನಿಯ ಹಿಂದೆ ಹಾರ್ಮೋನಿಯಂ ಕೇಳಿಸಿತು. ಒಂದೇ ಸ್ವರ, ಒಂದು ಸಲ, ಎರಡು ಸಲ, ಮೂರು ಸಲ.

ಬೆಂಚುಗಳು ದಡದಡ ಸದ್ದು ಮಾಡಿದವು. ಬೇಡವೆಂದು ಕೈ ಎತ್ತಿದವರೂ ಸೇರಿ ಇಡೀ ಸಭೆ ಎದ್ದು ನಿಂತಿತ್ತು.