ಪಾಸಾದ ಕಾರು

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ಹೊಗೆ ತಪಾಸಣೆಯ ವ್ಯಾನಿನೊಳಗೆ ಅವನು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದ. ಯಾವ ಗಾಡಿ ಬಂದರೂ ಅದರ ನಂಬರ್ ಪ್ಲೇಟಿನ ಫೋಟೊ ಮಾತ್ರ ಹಿಡಿಯುತ್ತಿದ್ದ. ಯಂತ್ರದ ಪೈಪು ಸದಾ ವ್ಯಾನಿನ ಹಿಂದೆ ನಿಂತಿರುತ್ತಿದ್ದ ಬಂಕ್ ಮಾಲೀಕರ ಹೊಸ ಕಾರಿನ ಸೈಲೆನ್ಸರಿನಲ್ಲೇ ಇರುತ್ತಿತ್ತು. ಹಾಗಾಗಿ ಹೊಗೆ ಕಾರುತ್ತ ಬಂದ ಲಟಾರಿ ಗಾಡಿಯೂ ಪಾಸಾಗಿಯೇ ಹೋಗುತ್ತಿತ್ತು.

ಒಬ್ಬ ಹೆಂಗಸು ಬಂದು, ಹೋದ ತಿಂಗಳು ಅವನೇ ಕೊಟ್ಟಿದ್ದ ಸರ್ಟಿಫಿಕೇಟನ್ನು ಮುಂದೆ ಹಿಡಿದಳು.

"ಇದು ನಮ್ಮ ಯಜಮಾನರ ಟ್ಯಾಕ್ಸೀದು. ನೀವೇ ಚೆಕ್ ಮಾಡಿದ್ದಾ ಅಣ್ಣ?"

ಸಾರಿಗೆ ಇಲಾಖೆಯವರೇ ಇವಳನ್ನು ಕಳಿಸಿರಬೇಕು ಅನಿಸಿತು ಅವನಿಗೆ. ಬುತ್ತಿಯ ಮುಚ್ಚಳ ಹಾಕಿದ.

"ನಾನೇ. ಪೈಪು ಒಳಗೆ ಹಾಕೇ ನೋಡಿದ್ದು, ರೂಲ್ಸ್ ಪ್ರಕಾರ."

"ಸೈಲೆನ್ಸರ್ ತೂತು ಬಿದ್ದಿದೆ, ಹೊಗೆ ಕಾರೊಳಗೆ ಬರುತ್ತೆ ಅಂತ ನಾನು ದಿನಾ ಹೇಳ್ತಿದ್ದೆ."

"ಏನೂ ಇರಲಿಲ್ಲ ಅಕ್ಕ. ಅಂಥ ಕ್ಲೀನ್ ಗಾಡಿ ನಾನು ನೋಡೇ ಇಲ್ಲ."

ಅವಳು ತಲೆಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಸರ್ಟಿಫಿಕೇಟನ್ನು ಮೊದಲಿನಂತೆಯೇ ಮಡಿಸಿದಳು.

"ಅವರೂ ಹಂಗೇ ಅಂದ್ರು. ಪಾಸಾಗಿದೆ, ಇನ್ನೇನು ಭಯ ಅಂತ ಇದನ್ನ ತೋರಿಸಿದ್ರು. ಮೊನ್ನೆ ಏರ್‌ಪೋರ್ಟ್ ಹೊರಗೆ ಬಾಡಿಗೆ ಕಾಯ್ತಾ, ಸೆಕೆ ಅಂತ ಗ್ಲಾಸ್ ಏರಿಸಿ, ಎ.ಸಿ. ಹಾಕ್ಕೊಂಡು ಮಲಗಿದ್ರಂತೆ. ಬೆಳಿಗ್ಗೆ ಪಕ್ಕದ ಗಾಡಿ ಡ್ರೈವರ್ ಎಬ್ಬಿಸಿದ್ರೆ ಏಳಲೇ ಇಲ್ಲ."